ಹಿಂದೆ ಬರುವವರಿಗೆ ದಾರಿ ಬಿಡುವ ಗೊಲ್ಲಾಳಪ್ಪ

ವಾಗದರಿಯ ಗೊಲ್ಲಾಳಪ್ಪ ಎಪ್ಪತ್ತೊಂದರ ಯುದ್ಧ ಮುಗಿಸಿ, ಪಲ್ಟಣ ಬಿಟ್ಟು ಊರಿಗೆ ಬಂದಾಗ ಕೈಕಾಲು ನೆಟ್ಟಗಿದ್ದವು, ಮೈಮೇಲೆ ಒಂದು ಗೀರೂ ಇರಲಿಲ್ಲ. ಆದರೆ ಒಂದು ವಿಚಿತ್ರ ಚಾಳಿ ಅಂಟಿಕೊಂಡಿತ್ತು. ಅವನ ಹಿಂದೆ ಯಾರೂ ನಡೆಯುವಂತಿರಲಿಲ್ಲ. ಬೆನ್ನ ಹಿಂದೆ ಚಪ್ಪಲಿ ಸಪ್ಪಳ ಕೇಳಿದರೆ ಸಾಕು, ಪಕ್ಕಕ್ಕೆ ಸರಿದು ನಿಂತುಬಿಡುತ್ತಿದ್ದ. ಎಮ್ಮೆ ಬಂದರೆ ಎಮ್ಮೆಗೂ ಅದೇ ಮರ್ಯಾದೆ.

ಗಂಡ ಮುಂದೆ, ಹೆಂಡತಿ ಹಿಂದೆ ನಡೆಯುವುದು ಊರಿನ ರೂಢಿ. ಈ ಜೋಡಿ ದುಧನಿ ಸಂತೆಗೆ ಹೊರಟರೆ ಎಲ್ಲ ಉಲ್ಟಾ. “ನೀಲಾಬಾಯಿ ಇಂಜಿನ್ನು, ಗೊಲ್ಲಾಳಪ್ಪ ಗಾರ್ಡಿನ ಡಬ್ಬಿ ನೋಡ್ರಿ!” ಎಂದು ಕಟ್ಟೆಯ ಮೇಲೆ ಕೂತವರು ನಗುತ್ತಿದ್ದರು. ಅವರಿಗೇನು, ಬೇರೆ ಕೆಲಸವೇ?

ನೀಲಾಬಾಯಿಗೆ ಮಾತ್ರ ನಗು ಬರುತ್ತಿರಲಿಲ್ಲ. ಗಂಡ ಪಲ್ಟಣದಲ್ಲಿದ್ದ ಏಳು ವರ್ಷ ಅವಳು ಮನೆಯಲ್ಲಿ ಒಬ್ಬಳೇ ಇದ್ದವಳು. ಈಗ ಸದಾ ಹಿಂದಿನಿಂದ ಅವನ ಕಣ್ಣು. ಇದು ಸಂಶಯವಲ್ಲದೆ ಮತ್ತೇನು? ಕೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದಳು. ಕೇಳಿದರೆ ಹೌದು ಅಂದುಬಿಟ್ಟಾನೆಂಬ ಭಯಕ್ಕೆ ಸುಮ್ಮನಾದಳು.

ಸೊಲ್ಲಾಪುರದ ಅಕ್ಕಲಕೋಟ ರಸ್ತೆಯಲ್ಲಿ ಒಂದು ಮಗ್ಗದ ಕಾರಖಾನೆಯಲ್ಲಿ ನೋಕರಿ ಸಿಕ್ಕಿತ್ತು. ಪಾಳಿ ಶುರುವಾಗುವ ಭೋಂಗಾ ಊದಿದ ಮೇಲೆ ಎಲ್ಲರೂ ಒಳಗೆ ಹೋಗುವವರೆಗೆ ಈ ಮಹಾರಾಯ ಗೇಟಿನಲ್ಲೇ ನಿಲ್ಲುತ್ತಿದ್ದ. ದಿನಾ ಎಲ್ಲರಿಗಿಂತ ಮೊದಲು ಬಂದು, ದಿನಾ ತಡವಾಗಿ ಹಾಜರಿ! ಹದಿನೈದು ದಿನಕ್ಕೆ ಮನೆಗೆ ಕಳಿಸಿದರು.

ಉಳಿದದ್ದು ಹೊಲ. ಅದನ್ನು ಇಷ್ಟು ವರ್ಷ ನೋಡಿಕೊಂಡವನು ಅವನ ಕಾಕಾ ಚನ್ನವೀರಪ್ಪ. ಮುದುಕ ಖಡಕ್ಕಾಗಿ ಹೇಳಿದ್ದ: “ಈ ಎಳ್ಳಮಾಸಿಗಿ ನೀನೇ ಚರಗ ಚೆಲ್ಲಬೇಕ ನೋಡ ತಮ್ಮಾ. ಸುತ್ತು ಪೂರಾ ಆತಂದ್ರ ಹೊಲ ನಿನ್ನ ಕೈಗಿ. ಇಲ್ಲಂದ್ರ ಮಂದಿಗಿ ಪಾಲಿಗಿ ಹಾಕ್ತೀನಿ.”

ಎಳ್ಳಮವಾಸ್ಯೆಯ ದಿನ ಹೊಲದ ಯಜಮಾನ ಹಬ್ಬದ ಅಡುಗೆಯನ್ನು ಚರಗವೆಂದು ಬೆಳೆಗೆ ಚೆಲ್ಲುತ್ತ, ಕೂಗು ಹಾಕುತ್ತ ಹೊಲ ಸುತ್ತಬೇಕು. ಅವನ ಹೆಜ್ಜೆಯ ಮೇಲೆ ಹೆಜ್ಜೆ ಇಡುತ್ತ, ನೀರು ಚಿಮುಕಿಸುತ್ತ, ಕೂಗಿಗೆ ಓಗೊಡುತ್ತ ಇನ್ನೊಬ್ಬರು ಬರಬೇಕು. ಆ ದಿನ ಗೊಲ್ಲಾಳಪ್ಪ ಚರಗದ ಬುಟ್ಟಿ ಹಿಡಿದ. ನೀಲಾಬಾಯಿ ನೀರಿನ ತಂಬಿಗೆ ಹಿಡಿದು ಹಿಂದೆ ನಿಂತಳು. ನಾಲ್ಕು ಹೆಜ್ಜೆಗೆ ಅವನು ನಿಂತುಬಿಟ್ಟ. ಬುಟ್ಟಿ ಹಿಡಿದೇ ಪಕ್ಕಕ್ಕೆ ಸರಿದ.

“ನೀ ಮುಂದ ಹೋಗು.”

ಅವಳಿಗೆ ತಡೆಯಲಾಗಲಿಲ್ಲ. “ನನ್ನ ಮ್ಯಾಲ ಅಷ್ಟು ಸಂಶೇ ಏನ್ರಿ?”

ಗೊಲ್ಲಾಳಪ್ಪ ಬೆಚ್ಚಿ ತಿರುಗಿದ. ಅವಳು ಏನು ಕೇಳುತ್ತಿದ್ದಾಳೆಂದು ತಿಳಿಯಲು ಅವನಿಗೆ ತುಸು ಹೊತ್ತೇ ಹಿಡಿಯಿತು.

“ಸಂಶೇ ನಿನ್ನ ಮ್ಯಾಲಲ್ಲ, ನನ್ನ ಕಾಲಿನ ಮ್ಯಾಲ,” ಎಂದ. “ನೆಲದಾಗ ಹುಗಿದ ಸುರಂಗ ಬಾಂಬು ಹುಡುಕಿ ತಗಿಯೂದು ನನ್ನ ಕೆಲಸ ಇತ್ತು. ದಾರಿ ಸಾಫ್ ಆಗ್ಯಾದ, ನನ್ನ ಹಿಂದ ಬರ್ರಿ ಅಂದೆ. ಹಿಂದಿದ್ದ ಸಿಪಾಯಿ ನಾ ಇಟ್ಟ ಹೆಜ್ಜಿ ಮ್ಯಾಲೇ ಕಾಲಿಟ್ಟ. ನನಗ ಏನೂ ಆಗಲಿಲ್ಲ. ತಿರಗಿ ನೋಡಿದ್ರ ಅಂವ ಇರಲಿಲ್ಲ.”

ನೀಲಾಬಾಯಿಗೆ ಮೊದಲು ಆದದ್ದು ಸಮಾಧಾನ. ಅದರ ಬೆನ್ನಿಗೇ ನಾಚಿಕೆಯಾಯಿತು, ಕಣ್ಣು ತುಂಬಿತು. ಒಂದು ವರ್ಷ ತಾನು ಏನೆಲ್ಲ ತಿಳಿದಿದ್ದೆ! ಸೆರಗಿನಿಂದ ಮುಖ ಒರೆಸಿಕೊಂಡಳು.

“ನಾ ಹಿಂದೇ ಬರಾಕಿ. ಹೆಜ್ಜಿಗೊಮ್ಮಿ ಕೇಳ್ರಿ, ಓ ಅಂತೀನಿ.”

ಅಕ್ಕಪಕ್ಕದ ಹೊಲಗಳಿಂದ ಚರಗದ ಕೂಗು ಏಳುತ್ತಿತ್ತು. ಗೊಲ್ಲಾಳಪ್ಪ ಮಾತ್ರ ಒಂದು ಹಿಡಿ ಚೆಲ್ಲಿ, ತಿರುಗಿ ನೋಡದೆ ಕೇಳಿದ: “ಅದೀಯೇನ?”

“ಅದೀನ್ರಿ.”

ಇನ್ನೊಂದು ಹೆಜ್ಜೆ. “ಅದೀಯೇನ?”

“ಅದೀನ್ರಿ.”

ಬದುವಿನಲ್ಲಿ ಕೂತ ಚನ್ನವೀರಪ್ಪ, ಇದು ಯಾವ ಊರಿನ ಕೂಗಪ್ಪಾ ಎಂದು ಕಿವಿಗೊಟ್ಟ. ಬೈಯಲು ಎದ್ದವನು ಅಣ್ಣನ ಮಗನ ಮುಖ ನೋಡಿ ಮತ್ತೆ ಕೂತ. ಜೋಳದ ನಡುವೆ ಇಬ್ಬರೂ ಒಂದು ಮೂಲೆ ದಾಟಿದರು, ಎರಡು ದಾಟಿದರು. ಕೇಳುವ ದನಿ ತುಸು ತುಸುವೇ ಗಟ್ಟಿಯಾಯಿತು.

ಕೊನೆಯ ಮೂಲೆ ತಿರುಗುವಾಗ ಗೊಲ್ಲಾಳಪ್ಪ ಚರಗ ಚೆಲ್ಲುವ ಭರದಲ್ಲಿ ಕೇಳುವುದನ್ನೇ ಮರೆತ. ನೀಲಾಬಾಯಿ ತಾನಾಗಿಯೇ ಹೇಳಿದಳು:

“ಅದೀನ್ರಿ.”