ಭಾವನ ಅಚ್ಚು

ಆಸ್ಪತ್ರೆಯ ಲ್ಯಾಬಿನಲ್ಲಿ ಎಲ್ಲರೂ ಅವನನ್ನು ಮೇಣದಣ್ಣ ಎನ್ನುತ್ತಿದ್ದರು. ರೋಗಿಯ ಮೈಯಿಂದ ತೆಗೆದ ತುಣುಕನ್ನು ಮೇಣದ ಅಚ್ಚಿನಲ್ಲಿ ಕೂರಿಸಿ, ಯಂತ್ರದ ಹಿಡಿ ತಿರುಗಿಸುತ್ತಾ ಈರುಳ್ಳಿ ಸಿಪ್ಪೆಗಿಂತ ತೆಳುವಾಗಿ ಕೊಯ್ದು ಗಾಜಿಗೆ ಹತ್ತಿಸುವುದು ಅವನ ಕೆಲಸ. ಡಾಕ್ಟರು ಆ ಗಾಜು ನೋಡಿದ ಮೇಲೇ ರೋಗಕ್ಕೊಂದು ಹೆಸರು. ತುಣುಕು ಚಿಕ್ಕದಿದ್ದರೆ ಮೇಣದಣ್ಣ ಮಹಾ ಜಿಪುಣ. ಮೂರು ಪದರ ತೆಗೆದನೋ, ಮುಗಿಯಿತು, ಅಚ್ಚು ಡ್ರಾಯರಿಗೆ. ಸುಕ್ಕಾಗಿದೆ ಎಂದು ಹೊಸಬರು ಇನ್ನೊಂದು ಸುತ್ತು ತಿರುಗಿಸಿದರೆ ರೇಗುತ್ತಿದ್ದ: "ಏನ್ ಮದುವೆ ಫೋಟೋ ತೆಗೀತಿದ್ದೀಯೇನಮ್ಮಾ? ಸಾಕು ಬಿಡು. ನಾಳೆ ಬೇಕಾದ್ರೆ ಎಲ್ಲಿಂದ ತರ್ತೀಯ?"

ಊರಿಗೆಲ್ಲ ಬುದ್ಧಿ ಹೇಳುವವನಿಗೆ ಆವತ್ತು ಅದೇನು ಮಂಕು ಕವಿಯಿತೋ!

ಅವನ ಅಕ್ಕನ ಗಂಡ ಬಸ್ ಡ್ರೈವರ್. ಅಂಗಾಲಿನ ಕಪ್ಪು ಮಚ್ಚೆಯನ್ನು ಬೂಟು ಕಚ್ಚಿದ ಗುರುತೆಂದುಕೊಂಡು ಬ್ರೇಕು ತುಳಿಯುತ್ತಲೇ ಇದ್ದ ಮನುಷ್ಯ. ಕೊನೆಗೆ ಕೆತ್ತಿ ತೆಗೆದಾಗ ಲ್ಯಾಬಿಗೆ ಬಂದದ್ದು ಅಕ್ಕಿಕಾಳಿನಷ್ಟು.

"ಇದು ನಮ್ಮ ಭಾವಂದು, ನಾನೇ ಮಾಡ್ತೀನಿ," ಎಂದು ಮೇಣದಣ್ಣ ಯಾರನ್ನೂ ಹತ್ತಿರ ಬಿಡಲಿಲ್ಲ. ಮೊದಲ ಪದರದಲ್ಲಿ ಸಣ್ಣ ಸುಕ್ಕು. ಬೇರೆಯವರದಾಗಿದ್ದರೆ ನಡೆಯುತ್ತಿತ್ತು, ಭಾವನದಲ್ಲವೇ? ಬ್ರಷ್ಷಿನಿಂದ ಕಸದ ಬುಟ್ಟಿಗೆ ಗುಡಿಸಿದ. ಮುಂದಿನದರಲ್ಲೊಂದು ಗೀರು. ಅದನ್ನೂ ಗುಡಿಸಿದ. ಅಲಗು ಬದಲಿಸಿದ, ಅಚ್ಚನ್ನು ಐಸಿನ ಮೇಲಿಟ್ಟು ತಣಿಸಿದ, ಮತ್ತೆ ತಿರುಗಿಸಿದ, ಮತ್ತೆ ಗುಡಿಸಿದ. ಕೊನೆಗೂ ಕೂತ ಪದರ ನೋಡಿ ಲ್ಯಾಬಿನ ಡಾಕ್ಟರಮ್ಮ, "ಎಷ್ಟು ಚೆನ್ನಾಗಿ ಬಂದಿದೆಯಪ್ಪಾ!" ಎಂದರು. ಅವನು ಉಬ್ಬಿಹೋದ. ಅದು ಮೆಲನೋಮ, ಚರ್ಮದ ಕ್ಯಾನ್ಸರುಗಳಲ್ಲೇ ಕೆಟ್ಟದ್ದು ಎಂದು ಗೊತ್ತಾಯಿತು. ಆದರೂ ಭಾವನಿಗೆ ತನ್ನ ಕೈಲಾದದ್ದು ಮಾಡಿದೆನೆಂಬ ಸಮಾಧಾನವಿತ್ತು. ಅಕ್ಕನ ಹತ್ತಿರ ಹೇಳಿಕೊಂಡೂ ಬಂದ.

ಮಚ್ಚೆಯ ಸುತ್ತಲಿನ ಮಾಂಸವನ್ನೂ ಕೊಯ್ದರು, ಅದರಲ್ಲಿ ರೋಗವಿರಲಿಲ್ಲ. ಸದ್ಯ ಬಚಾವಾದೆವು ಎನ್ನುವಷ್ಟರಲ್ಲಿ, ಮರುವರ್ಷ ಅದು ಶ್ವಾಸಕೋಶದಲ್ಲಿ ಕಾಣಿಸಿಕೊಂಡಿತು. ಅದೂ ಸೂಜಿ ಹಾಕಿ ಹೊಸ ತುಣುಕು ತೆಗೆಯಲಾಗದ ಜಾಗದಲ್ಲಿ.

ಡಾಕ್ಟರಮ್ಮ ಅವನನ್ನು ಕರೆದರು. "ಮೈಯ ರೋಗನಿರೋಧಕ ಶಕ್ತಿಯನ್ನ ಎಬ್ಬಿಸೋ ಔಷಧಿ ಇದೆ. ಒಂದೇ ಸಾಕೋ, ಎರಡು ಜೊತೆಗೆ ಕೊಡಬೇಕೋ ನೋಡಬೇಕು. ಎರಡಾದ್ರೆ ಮೈ ತಡ್ಕೊಳ್ಳೋದು ಕಷ್ಟ. ಹಳೇ ತುಣುಕಲ್ಲಿ ರೋಗದ ಜೊತೆ ಹೊಡೆದಾಡೋ ಜೀನ್‌ಗಳು ಎಚ್ಚರವಾಗಿದ್ವಾ, ಮಲಗಿದ್ವಾ ಪರೀಕ್ಷೆ ಮಾಡಿಸೋಣ. ಖಾತ್ರಿ ಅಂತಲ್ಲ, ಒಂದು ಅಂದಾಜು ಸಿಗುತ್ತೆ. ಅಚ್ಚು ತಗೊಂಡು ಬಾ."

ಡ್ರಾಯರಿನಿಂದ ಅಚ್ಚು ತೆಗೆದು ಬೆಳಕಿಗೆ ಹಿಡಿದ. ಬರೀ ಮೇಣ. ಭಾವನ ತುಣುಕು ಎಳ್ಳಷ್ಟೂ ಉಳಿದಿರಲಿಲ್ಲ. ಬಣ್ಣ ಹಾಕಿದ ಆ ಚೆಂದದ ಗಾಜಿನಲ್ಲಿದ್ದದ್ದು ಈ ಪರೀಕ್ಷೆಗೆ ಸಾಲದು. ಮಿಕ್ಕಿದ್ದೆಲ್ಲ ಎಂದೋ ಕಸದ ಜೊತೆ ಹೋಗಿತ್ತು.

ಕಾಯಲು ಹೊತ್ತಿರಲಿಲ್ಲ. ಒಂದು ಸಾಲದೇ ಹೋದೀತೆಂದು ಕ್ಯಾನ್ಸರ್ ಡಾಕ್ಟರು ಎರಡೂ ಔಷಧಿ ಕೊಟ್ಟರು. ಭಾವನ ಕರುಳು, ಲಿವರು ತಡೆಯಲಿಲ್ಲ. ಚಿಕಿತ್ಸೆ ಅರ್ಧಕ್ಕೇ ನಿಂತಿತು. ಭಾವ ಮತ್ತೆ ಹಾಸಿಗೆಯಿಂದ ಏಳಲಿಲ್ಲ. ಒಂದೇ ಕೊಟ್ಟಿದ್ದರೆ ಉಳಿಯುತ್ತಿದ್ದನೇ? ಇನ್ನು ಯಾರನ್ನು ಕೇಳುವುದು?

ಎಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಅಕ್ಕ ಭಾವನ ಯೂನಿಫಾರ್ಮು ಮಡಿಸುತ್ತಿದ್ದಾಗ ಮೇಣದಣ್ಣ ಎದುರು ಕೂತು ಎಲ್ಲವನ್ನೂ ಹೇಳಿದ. ಬೈದರೆ ಬೈಯಲಿ, ಹೊಡೆದರೆ ಹೊಡೆಯಲಿ ಎಂದು ಗಟ್ಟಿ ಮನಸ್ಸು ಮಾಡಿಯೇ ಬಂದಿದ್ದ. ಅಕ್ಕ ಅಂಗಿಯ ತೋಳು ನೀವುತ್ತಾ ಕೇಳಿಸಿಕೊಂಡಳು.

"ನಿನ್ನ ಕೈಲಿದೆ ಅಂತ ಆವತ್ತು ನಾನು ನೆಮ್ಮದಿಯಾಗಿ ಮಲಗಿದ್ದೆ ಕಣೋ," ಎಂದಳು. ಆಮೇಲೆ ಕಣ್ಣು ತುಂಬಿಕೊಂಡು, "ಬೇರೆ ಯಾರದೋ ಅಂದ್ಕೊಂಡು ಮೂರೇ ಪದರ ಕುಯ್ದು ಎತ್ತಿಡಬಾರದಿತ್ತಾ?"