ಸೂಲಗಿತ್ತಿ ಹೊಳೆವ್ವನ ಮೂರು ದಿನ

ಸ್ವರಾಜ್ಯ ಬಂದು ಏಳು ವರ್ಷವಾಯಿತು. ಮಲಪ್ರಭೆಯ ದಂಡೆಯ ಅಂಬಿಗರ ಓಣಿಯಲ್ಲಿ ಮಾತ್ರ ಇನ್ನೂ ಸೂಲಗಿತ್ತಿ ಹೊಳೆವ್ವನದೇ ರಾಜ್ಯ, ನನ್ನಂಥ ಸರಕಾರಿ ನರ್ಸಿಗೆ ನೆಮ್ಮದಿಯಿಲ್ಲ. ಹೊಕ್ಕಳಬಳ್ಳಿ ಕೊಯ್ಯಲು ಕುದಿಸಿದ ಬ್ಲೇಡು ಕೊಟ್ಟರೆ ಅದನ್ನು ಸೆರಗಿಗೆ ಒರೆಸಿ, "ಈಗ ಸ್ವಚ್ಛ ಆತ್ ನೋಡ್ರಿ" ಎನ್ನುತ್ತಾಳೆ. ಬಸುರಿಯರಿಗೆಂದು ನಾನು ನರಗುಂದದಿಂದ ಹೊತ್ತು ತಂದ ಹಾಲಿನ ಪುಡಿಯನ್ನು ಜೋಳದ ಹಿಟ್ಟಿನಲ್ಲಿ ಕಲಸಿ ಗಾಳಕ್ಕೆ ಕಟ್ಟಿಸುತ್ತಾಳೆ. ಕೇಳಿದರೆ, "ಮೀನ ಭಾಳ ಚಲೋ ಬೀಳ್ತಾವ್ರಿ ಅಕ್ಕಾರ, ಅದರ ಸಾರು ಬಸರಿಗೇ ಉಣಸ್ತೀನಲ್ಲ!" ಎಂದು ನನಗೇ ಬುದ್ಧಿ ಹೇಳುತ್ತಾಳೆ. ಎಲ್ಲಕ್ಕಿಂತ ತಲೆ ಕೆಡಿಸುವುದು ಆಕೆಯ ಮೂರು ದಿನದ ಕಟ್ಟಳೆ: ಹಡೆದವಳಿಗೆ ಮೂರು ದಿನ ಹನಿ ನೀರಿಲ್ಲ. ಹಿತ್ತಿಲ ಹಿಂದೆಯೇ ಹೊಳೆಯ ಮಡುವಿದೆ, ಒಳಗೆ ಬಾಣಂತಿಯ ತುಟಿ ಒಡೆದಿರುತ್ತದೆ, ಬಾಗಿಲಿಗೆ ಅಡ್ಡವಾಗಿ ಹೊಳೆವ್ವ ಕುಳಿತಿರುತ್ತಾಳೆ. "ಹಸಿ ಮೈಯಾಗ ನೀರ ಇಳದ್ರ ನಂಜ ಏರ್ತದ್ರಿ." ನಾನು ಬೈದಿದ್ದೇನೆ, ಕೈಮುಗಿದಿದ್ದೇನೆ, ಪೊಲೀಸರ ಹೆಸರು ಹೇಳಿ ಹೆದರಿಸಿಯೂ ನೋಡಿದ್ದೇನೆ. ಮೊನ್ನೆ ಉರಿಬಿಸಿಲಲ್ಲಿ, ಪರಶಪ್ಪನ ಹೆಂಡತಿ ಹಡೆದ ಎರಡನೆಯ ದಿನ, ನನ್ನೊಡನೆ ವಾದಿಸುತ್ತ ಮುದುಕಿ ಒಣಕೆಮ್ಮು ಕೆಮ್ಮತೊಡಗಿದಳು. ಬಾಣಂತಿಗೆಂದು ತಂದಿದ್ದ ನೀರಿನ ತಂಬಿಗೆಯನ್ನು ಅವಳಿಗೇ ಹಿಡಿದೆ. ಮುಖ ತಿರುಗಿಸಿದಳು. "ಆಕಿ ಕುಡಿಯೂತನಕ ನಾನೂ ಕುಡಿಯಾಂಗಿಲ್ರಿ. ಎಲ್ಲಾ ಬಾಣಂತನದಾಗೂ ಹಿಂಗನ." ಆಗ ನೋಡಿದೆ, ಅವಳ ತುಟಿಯೂ ಒಡೆದಿತ್ತು. ಅವಳನ್ನು ದಾಟಿ ಒಳಹೋಗಿ ತಂಬಿಗೆಯನ್ನು ಬಾಣಂತಿಯ ಬಾಯಿಗೆ ಹಿಡಿದೆ. ಆಕೆ ಗಟಗಟನೆ ಕುಡಿದಳು. ಹೊಳೆವ್ವ ನನ್ನ ಮನೆತನವನ್ನೆಲ್ಲ ಎತ್ತಿ ಬೈಯುತ್ತಲೇ, ಉಳಿದ ನೀರಿಗೆ ಕೈ ಚಾಚಿದಳು.