ಚೀಟಿ ಕಿಟಕಿಯ ಐದನೆಯ ಪ್ರಶ್ನೆ

ಕಾಮಾಕ್ಷಿಪಾಳ್ಯದ ಧರ್ಮಾಸ್ಪತ್ರೆಯ ಬಾಗಿಲು ತೆರೆಯುವುದು ಏಳೂವರೆಗೆ. ಐದೂವರೆಯ ಮಬ್ಬಿನಲ್ಲೇ ಪಟಾಲಮ್ಮ ಬಂದಾಗಿದೆ. ಮೆಟ್ಟಿಲು ಗುಡಿಸಿ, ನೀರು ಚಿಮುಕಿಸಿ, ಸೀಮೆಎಣ್ಣೆ ಸ್ಟೌವಿಗೆ ಪಂಪು ಹೊಡೆದು ಇಂಜೆಕ್ಷನ್ ಸೂಜಿಗಳನ್ನು ಕುದಿಯಲು ಇಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಚೀಟಿ ಕಿಟಕಿಯ ಹಿಂದೆ ಕೂರುವ ಹೊತ್ತಿಗೆ ಹೊರಗೆ ನಲವತ್ತು ಜನ. ಎಲ್ಲರ ಕೈಯಲ್ಲೂ ಔಷಧಿ ತುಂಬಿಸಿಕೊಳ್ಳಲು ಮನೆಯಿಂದ ತಂದ ಖಾಲಿ ಸೀಸೆ.

ಮಕ್ಕಳು, ಮುದುಕರ ಸರದಿ ಮುಗಿದ ಮೇಲೆ ಕಿಟಕಿಗೆ ಒಬ್ಬ ಹೆಂಗಸು. ಹೆಸರು ಬಸವ್ವ, ವಯಸ್ಸು ಇಪ್ಪತ್ತಾರು, ಊರು ಕೆಂಗೇರಿ, ಕಾಯಿಲೆ ಭುಜದ ನೋವು. ಎಷ್ಟು ದಿನದಿಂದ ಎಂದರೆ ಎರಡು ದಿನ ಎನ್ನುತ್ತಾಳೆ. ಪಟಾಲಮ್ಮ ಪೆನ್ಸಿಲು ಎತ್ತುವುದಿಲ್ಲ. ಆಕೆಯ ಬಿಗಿಯಾದ ಜಡೆಯನ್ನೇ ನೋಡುತ್ತಾರೆ.

"ಜಡೆ ಯಾರು ಹಾಕಿದ್ರವ್ವ?"

"ನಮ್ಮತ್ತೆ."

"ಯಾವಾಗಿಂದ ಅವ್ರು ಹಾಕ್ತಾ ಇರೋದು?"

ಬಸವ್ವ ತಡವರಿಸುತ್ತಾಳೆ. "ಯುಗಾದಿಯಿಂದ ಅಕ್ಕ. ಕೈ ಮೇಲಕ್ಕೇ ಏಳಲ್ಲ."

ಈಗ ಆಷಾಢ. ಚೀಟಿಯ ಹಿಂಬದಿಯಲ್ಲಿ ದಪ್ಪ ಅಕ್ಷರ ಮೂಡುತ್ತದೆ: ಕೈ ಮೇಲೇಳಲ್ಲ, ಯುಗಾದಿಯಿಂದ.

"ಆಯಮ್ಮ, ಹೆಣ್ಣು ನೋಡಕ್ ಬಂದಿದೀರಾ, ಚೀಟಿ ಬರಿಯಕ್ಕಾ?" ಸಾಲಿನ ನಡುವಿನಿಂದ ಯಾರೋ ಕೂಗುತ್ತಾನೆ.

"ನಿನ್ನ ಸರದಿ ಬರ್ಲಿ ಕಣಪ್ಪ, ನಿನ್ನ ಜಾತಕಾನೂ ತೆಗೀತೀನಿ!"

ಸಾಲು ನಗುತ್ತದೆ. ಆದರೆ ಕಿಟಕಿಯ ಪಕ್ಕದ ಗೋಡೆಗೆ ಅಂಟಿಸಿದ ಟೈಪು ಮಾಡಿದ ಹಾಳೆಗೆ ನಗು ಗೊತ್ತಿಲ್ಲ. ಆಸ್ಪತ್ರೆ ನಡೆಸುವ ಕಮಿಟಿಯ ಆಜ್ಞೆ ಅದು. ಚೀಟಿ ಬರೆಯುವವರು ಹೆಸರು, ವಯಸ್ಸು, ಊರು, ಕಾಯಿಲೆ ಇಷ್ಟನ್ನು ಮಾತ್ರ ಕೇಳಬೇಕು. ಇದರ ಹೊರತು ರೋಗಿಗಳೊಡನೆ ಮಾತು ಬೆಳೆಸತಕ್ಕದ್ದಲ್ಲ. ಹಾಗೆ ನಡೆದುಕೊಳ್ಳುತ್ತೇನೆಂದು ಪಟಾಲಮ್ಮ ಈ ಶನಿವಾರ ಮಧ್ಯಾಹ್ನದೊಳಗೆ ಸಹಿ ಹಾಕಿ ಕೊಡಬೇಕು. ಹಾಕದಿದ್ದರೆ ಕಿಟಕಿ ಹೋಗುತ್ತದೆ. ಹನ್ನೊಂದು ವರ್ಷವಾದರೂ ಕಾಯಂ ಆಗದ ಕೆಲಸವೂ ಹೋಗಬಹುದು. ಇವತ್ತೇ ಆ ಶನಿವಾರ.

ಪಟಾಲಮ್ಮನಿಗೆ ನಲವತ್ತಾರು ವರ್ಷ. ಹುಟ್ಟಿದ್ದು ಇಲ್ಲೇ ಹತ್ತಿರದ ಅಗ್ರಹಾರ ದಾಸರಹಳ್ಳಿಯಲ್ಲಿ, ಓದಿದ್ದು ನಾಲ್ಕನೇ ಕ್ಲಾಸು. ಗಂಡ ವೆಂಕಟಸ್ವಾಮಿ ಹತ್ತಿ ಗಿರಣಿಯಲ್ಲಿ ನೂಲಿನ ಖಾತೆಯಲ್ಲಿದ್ದವರು. ಮಾತು ಕಡಿಮೆ, ಸಿಟ್ಟಂತೂ ಇಲ್ಲವೇ ಇಲ್ಲ. ಹೆಂಡತಿ ಏಳುವ ಮೊದಲೇ ಎದ್ದು, ತನ್ನ ಟವಲ್ಲನ್ನು ತಾನೇ ಒಗೆದು ಹಗ್ಗದ ಮೇಲೆ ಹರಡಿರುತ್ತಿದ್ದರು.

"ನಲ್ಲಿ ಹತ್ರ ಎಲ್ಲರ ಮುಂದೆ ಜಂಬ ಕೊಚ್ಕೊಂಡಿದ್ದೇ ಕೊಚ್ಕೊಂಡಿದ್ದು" ಎನ್ನುತ್ತಾರೆ ಪಟಾಲಮ್ಮ. "ನಿಮ್ಮ ಗಂಡಂದ್ರು ಉಂಡ ತಟ್ಟೆ ಎತ್ತಲ್ಲ, ನಮ್ಮನೆಯವ್ರು ನೋಡ್ರೇ, ಟವಲ್ಲು ತಾವೇ ಒಗ್ಕೊಳ್ತಾರೆ ಅಂತ. ದಿನಾ ಸಾಯಂಕಾಲ ಕೇಳ್ತಿದ್ದೆ, ಕೆಮ್ಮು ಹೆಂಗಿದೆ? ವಾಸಿ ಕಣೇ ಅನ್ನೋರು. ಅಲ್ಲಿಗೆ ಮುಗೀತು. ಟವಲ್ಲು ಯಾಕೆ ನೀವೇ ಒಗೀತೀರಿ ಅಂತ ಒಂದಿನ ಕೇಳ್ಲಿಲ್ಲ ನೋಡಿ. ಕೇಳಿದ್ರೆ ರಕ್ತ ಕಾಣ್ತಿತ್ತು."

ಕಂಡಾಗ ಕ್ಷಯ ಎರಡೂ ಪುಪ್ಪುಸ ತಿಂದಿತ್ತು. ಮೂವತ್ತೈದಕ್ಕೆ ಗಂಡನನ್ನು ಕಳೆದುಕೊಂಡ ಪಟಾಲಮ್ಮ ಅದೇ ವರ್ಷ ಈ ಆಸ್ಪತ್ರೆಗೆ ಗುಡಿಸಿ ಒರೆಸುವ ಕೆಲಸಕ್ಕೆ ಸೇರಿದರು. ಚೀಟಿ ಬರೆಯುತ್ತಿದ್ದವರು ಒಮ್ಮೆ ರಜ ಹಾಕಿ ತಿರುಗಿ ಬರಲೇ ಇಲ್ಲ. ಅಕ್ಷರ ಬರುತ್ತದಲ್ಲ ಎಂದು ಇವರನ್ನೇ ಕೂರಿಸಿದರು. ಅದಾಗಿ ಎಂಟು ವರ್ಷ.

ದಿನಕ್ಕೆ ತೊಂಬತ್ತು ಚೀಟಿ. ಸೋಮವಾರ ನೂರು ದಾಟುತ್ತದೆ. ಎಲ್ಲರನ್ನೂ ಕೆದಕುವುದಿಲ್ಲ. "ಹಲ್ಲುನೋವಿಗೆ ಜಾತಕ ಯಾಕೆ? ನೂರರಲ್ಲಿ ಇಪ್ಪತ್ತು ಜನ ಏನೋ ಮುಚ್ಕೊಂಡಿರ್ತಾರೆ. ಸುಳ್ಳು ಹೇಳ್ಬೇಕು ಅಂತಲ್ಲ, ಪಾಪ. ನಾವು ಕೇಳೋದೇ ಹಂಗೆ. ಈ ಊರಲ್ಲಿ ಊಟ ಆಯ್ತಾ ಅನ್ನಿ, ಹಸ್ಕೊಂಡಿರೋನೂ ಆಯ್ತು ಅಂತಾನೆ, ಮರ್ಯಾದೆಗೆ. ಇವತ್ತು ಸಾರು ಯಾತರದ್ದು ಅಂತ ಕೇಳಿ. ಉಂಡೋನು ತಟ್ಟನೆ ಹೇಳ್ತಾನೆ. ಉಣ್ಣದೇ ಇರೋನು ಒಂದು ಗಳಿಗೆ ಸೂರು ನೋಡ್ತಾನೆ."

ಆರ್‌ಪಿಸಿ ಲೇಔಟಿನ ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆಯುವ ನರಸಮ್ಮನ ಕಥೆ ಸಾಲಿನವರಿಗೆಲ್ಲ ಬಾಯಿಪಾಠ. ತಲೆಸುತ್ತು ಎಂದು ಬಂದಳು, ರಕ್ತ ಕಡಿಮೆ ಎಂದು ಟಾನಿಕ್ ಕೊಟ್ಟರು. ಮೂರು ಸೀಸೆ ಮುಗಿದರೂ ಸುತ್ತು ನಿಲ್ಲಲಿಲ್ಲ. "ತಪ್ಪದೆ ಕುಡಿದ್ಯಾ?" ಎಂದರು ಡಾಕ್ಟರು. "ಕುಡಿದೆ ಸಾರ್" ಎಂದಳು. ನಾಲ್ಕನೆಯ ಸಲ ಕಿಟಕಿಗೆ ಬಂದಾಗ ಪಟಾಲಮ್ಮ ಕೇಳಿದ್ದು ಇಷ್ಟೇ: "ಸೀಸೆ ಮನೇಲಿ ಎಲ್ಲಿಟ್ಟಿದೀಯೇ?"

"ಅತ್ತೆ ಟ್ರಂಕಲ್ಲಿ."

ಸಿಹಿಯಾಗಿದೆ, ಮಂಡಿನೋವಿಗೆ ಒಳ್ಳೆಯದಿರಬೇಕು ಎಂದು ಅತ್ತೆ ಹೊತ್ತು ಹೊತ್ತಿಗೆ ಕುಡಿಯುತ್ತಿದ್ದಳು. ಬೀಗದ ಕೈ ಅವಳ ಸೊಂಟದಲ್ಲಿ. ಹಿರಿಯರ ಮೇಲೆ ದೂರು ಹೇಳಲು ಸೊಸೆಗೆ ಬಾಯಿ ಬರಲಿಲ್ಲ. ಅಂದಿನಿಂದ ನರಸಮ್ಮನ ಸೀಸೆ ಆಸ್ಪತ್ರೆಯ ಬೀರುವಿನಲ್ಲೇ ಉಳಿಯಿತು. ಕೆಲಸಕ್ಕೆ ಹೋಗುವ ದಾರಿಯಲ್ಲಿ ಕಿಟಕಿಗೆ ಬಂದು ಒಂದು ಚಮಚ ಕುಡಿದು ಹೋಗುತ್ತಿದ್ದಳು. ಎರಡು ತಿಂಗಳಲ್ಲಿ ಮುಖಕ್ಕೆ ಬಣ್ಣ ಬಂತು.

ಡಾಕ್ಟರ್ ಗಂಗಾಧರಯ್ಯ ಅಡ್ಡಗೋಡೆಯ ಮೇಲೆ ದೀಪ ಇಡುವವರಲ್ಲ. "ನಾಡಿ ಹಿಡಿಯೋಕೆ ಮುಂಚೆ ಚೀಟಿ ಹಿಂಬದಿ ನೋಡ್ತೀನಿ" ಎನ್ನುತ್ತಾರೆ. ಇದನ್ನು ಕಮಿಟಿಗೆ ಹೇಳಿದ್ದೀರಾ ಎಂದರೆ ಕನ್ನಡಕ ತೆಗೆದು ಒರೆಸುತ್ತಾರೆ. "ಧೈರ್ಯ ಆ ಹೆಂಗಸಿಗೆ ಇದ್ದಷ್ಟು ನನಗಿಲ್ಲಪ್ಪ."

ಮ್ಯಾನೇಜರ್ ಚಕ್ರಪಾಣಿಯವರ ಮಾತಿನಲ್ಲೂ ಹುರುಳಿಲ್ಲದೆ ಇಲ್ಲ. ನಾಲ್ಕು ವರ್ಷದ ಹಿಂದೆ ಬಂದವರು, ಶಿಸ್ತಿನ ಮನುಷ್ಯ. "ಸಾಲು ರಸ್ತೆಗೆ ಇಳಿಯುತ್ತೆ, ಬಸ್ಸಿನೋರು ಬೈತಾರೆ. ಮುಂದಿರೋಳ ಜಡೆ ವಿಚಾರ ನಡೀತಾ ಇದ್ರೆ ಹಿಂದಿರೋ ಮಗು ಜ್ವರದಲ್ಲಿ ಬೇಯುತ್ತೆ. ಯಾರು ಹೊಣೆ?" ಹೋದ ತಿಂಗಳು ಹಾಗೇ ಆಯಿತು. ಸುಡುವ ಜ್ವರದ ಮಗು ಒಂದೂವರೆ ಗಂಟೆ ಸಾಲಿನಲ್ಲಿತ್ತು. ಆ ತಪ್ಪನ್ನು ಪಟಾಲಮ್ಮ ಅಲ್ಲಗಳೆಯುವುದಿಲ್ಲ. ಅಂದಿನಿಂದ ಕಿಟಕಿಯಲ್ಲಿ ಕೂರುವ ಮೊದಲು ಸಾಲಿನುದ್ದಕ್ಕೂ ನಡೆದು, ಮಕ್ಕಳ ಹಣೆ ಮುಟ್ಟಿ ನೋಡಿ, ಮುದುಕರನ್ನೂ ಬಸುರಿಯರನ್ನೂ ಮುಂದಕ್ಕೆ ಕರೆದು ನಿಲ್ಲಿಸುತ್ತಾರೆ. ಅದಕ್ಕೆಂದೇ ಮೊದಲು ಬರುತ್ತಿದ್ದುದಕ್ಕಿಂತ ಒಂದು ಗಂಟೆ ಮುಂಚೆ ಬರುತ್ತಾರೆ. "ತಪ್ಪಾಯ್ತು, ತಿದ್ಕೊಂಡೆ. ಕೇಳೋದು ತಪ್ಪು ಅಂದ್ರೆ ಮಾತ್ರ ಒಪ್ಪಲ್ಲ."

ಹನ್ನೆರಡಕ್ಕೆ ಕೊನೆಯ ರೋಗಿ ಹೊರಟು ಹೋಗುತ್ತಾನೆ. ಪಟಾಲಮ್ಮ ಕಿಟಕಿಯ ಬಾಗಿಲು ಎಳೆದು, ಸೂಜಿಗಳ ಪಾತ್ರೆಯನ್ನು ತೊಳೆಯಲು ಕೂರುತ್ತಾರೆ. ಚಕ್ರಪಾಣಿ ಅದೇ ಆಜ್ಞೆಯ ಇನ್ನೊಂದು ಹಾಳೆಯನ್ನೂ ಪೆನ್ನನ್ನೂ ತಂದು ಮೇಜಿನ ಮೇಲಿಡುತ್ತಾರೆ.

"ಸಹಿ ಹಾಕಮ್ಮ. ಇರೋದು ಎರಡೇ ಸಾಲು."

"ಓದಿದೀನಿ ಸಾರ್. ಹಾಕಲ್ಲ."

"ಹಾಕಲ್ವಾ? ಏನು, ಕಿಟಕೀಲಿ ಕೂತು ಡಾಕ್ಟರಿಕೆ ಮಾಡ್ತೀಯೋ?"

"ಡಾಕ್ಟರಿಕೆ ಡಾಕ್ಟ್ರು ಮಾಡ್ಲಿ. ನಾನು ಕೇಳ್ತೀನಿ, ಅಷ್ಟೇ. ನಿಮ್ಮ ನಾಲ್ಕು ಪ್ರಶ್ನೆ ಚೆನ್ನಾಗೇ ಇದೆ ಸಾರ್. ನಮ್ಮನೆಯವ್ರು ಬದುಕಿದ್ದು ಈ ಕಿಟಕಿಗೆ ಬಂದಿದ್ರೆ ನಾಲ್ಕಕ್ಕೂ ಅಚ್ಚುಕಟ್ಟಾಗಿ ಉತ್ತರ ಹೇಳಿರೋರು. ವೆಂಕಟಸ್ವಾಮಿ, ನಲವತ್ತು, ದಾಸರಹಳ್ಳಿ, ಸ್ವಲ್ಪ ಕೆಮ್ಮು. ನಾನು ಸ್ವಲ್ಪ ಕೆಮ್ಮು ಅಂತ್ಲೇ ಬರ್ಕೊಂಡು ಒಳಗೆ ಕಳಿಸ್ಬೇಕಾಗಿತ್ತು, ಅಲ್ವಾ?"

ಚಕ್ರಪಾಣಿ ಪೆನ್ನಿನ ಮುಚ್ಚಳ ಹಾಕುತ್ತಾರೆ. ಒಳಗಿನ ಕೋಣೆಯಲ್ಲಿ ಡಾಕ್ಟರು ಹೊರಡಲು ಎದ್ದವರು ಹಾಗೇ ನಿಂತಿದ್ದಾರೆ.

"ಸೋಮವಾರ ಕಮಿಟಿ ಸೇರುತ್ತೆ ಪಟಾಲಮ್ಮ. ಸಹಿ ಇಲ್ಲ ಅಂತ ನಾನು ಬರೀಲೇಬೇಕು."

"ಬರೀರಿ. ಹಾಕಲ್ಲ ಅಂದ್ಲು ಅಂತ ಬರೀರಿ. ಮರೆತುಬಿಟ್ಲು, ತಿಳುವಳಿಕೆ ಸಾಲ್ದು ಅಂತೆಲ್ಲ ನನ್ನ ಉಳ್ಸೋಕೆ ಬರೀಬೇಡಿ."

ಅವರು ಹಾಳೆ ಮಡಚಿ ಜೇಬಿಗಿಟ್ಟುಕೊಂಡು ಬಾಗಿಲ ತನಕ ಹೋಗುತ್ತಾರೆ. ಹೊಸ್ತಿಲ ಬಳಿ ತಿರುಗುತ್ತಾರೆ. ದನಿಯಲ್ಲಿ ಈಗ ಮ್ಯಾನೇಜರಿಕೆ ಇಲ್ಲ.

"ಅಲ್ಲಮ್ಮ, ಕೆಲಸ ಹೋದ್ರೆ ಏನ್ಮಾಡ್ತೀಯ?"

ಪಟಾಲಮ್ಮ ಪಾತ್ರೆ ಕೆಳಗಿಟ್ಟು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ರೋಗಿಗಳ ಬೆಂಚಿನ ಒಂದು ತುದಿಯನ್ನು ತಟ್ಟಿ ತೋರಿಸುತ್ತಾರೆ.

"ನಾಲ್ಕು ವರ್ಷಕ್ಕೆ ಇವತ್ತು ಒಂದು ಪ್ರಶ್ನೆ ಕೇಳಿದ್ರಿ ಸಾರ್, ಉತ್ತರ ನಿಮಗೆ ಮೊದ್ಲೇ ಗೊತ್ತಿಲ್ದೆ ಇರೋದು. ಬನ್ನಿ, ಕೂತ್ಕೊಳಿ, ಹೇಳ್ತೀನಿ. ಸ್ವಲ್ಪ ಹೊತ್ತು ಹಿಡಿಯುತ್ತೆ."